ಎರಡನೇ ಹಂತದ ಪಾಠ

ಮಗುವಿನ ಗೊಂಬೆಯ ನೆತ್ತಿಗೆ ಪೌಡರು ಈ ಸಲ ಜಾಸ್ತಿಯಾಯಿತು, ಅಂಗೈಯೆಲ್ಲ ಬೆಳ್ಳಗೆ, ಇರಲಿ, ಇಲ್ಲದಿದ್ದರೆ ರಬ್ಬರಿಗೆ ರಬ್ಬರು ಅಂಟಿಕೊಂಡು ತಲೆ ಈಚೆಗೇ ಬರುವುದಿಲ್ಲ — ಟೀಚರಮ್ಮ ಸೊಂಟದಿಂದ ತೊಡೆಯವರೆಗಷ್ಟೇ ಇರುವ ಹೆಂಗಸಿನ ಮಾಡೆಲನ್ನು ಮೇಜಿನ ಅಂಚಿಗೆಳೆದುಕೊಂಡಳು, ಹೆರಿಗೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಸವೆದ ಕೈ, ನೋಡ್ರಮ್ಮ, ಮೊದಲನೇ ಹಂತದಲ್ಲಿ ಗರ್ಭಕೋಶದ ಬಾಯಿ ತೆರೆಯೋದು, ಎರಡನೇದರಲ್ಲಿ ಮಗು, ಮೂರನೇದರಲ್ಲಿ ಮಾಸು, ಈಗ ತಲೆ ತಿರುಗ್ತಿದೆ, ನೆತ್ತಿ ಕಾಣ್ತು — ಆಗಲೇ, ಅಯ್ಯೋ, ಆ ಹಾಳು ಕೈ ತಾನಾಗಿ ಎದ್ದು ರಬ್ಬರಿನ ತೊಡೆಗೆ ಪಟಾರನೆ ಬಾರಿಸಿತು, ಮುಕ್ಕು, ಮುಕ್ಕು ಅಂದ್ರೆ! ನರ್ಸಿಂಗ್ ಹುಡುಗಿಯರು ಕಿಸಕ್ಕೆಂದರು, ಅವಳೂ ನಕ್ಕಳು, ನಕ್ಕುಬಿಟ್ಟಳಲ್ಲ, ನಾಚಿಕೆಗೆಟ್ಟವಳು.

ತಂಗಿಗೂ ಹೀಗೆಯೇ ಹೊಡೆದದ್ದು, ಅಕ್ಕನೇ ಹೆರಿಗೆ ಮಾಡಿಸಬೇಕೆಂದು ಹಟ ಹಿಡಿದು ಬಂದವಳಿಗೆ, ಏನೇ ಹಾಗೆ ಕಿರುಚ್ತೀಯ, ಇವರೆಲ್ಲರ ಮುಂದೆ ನನ್ನ ಮಾನ ಕಳೀಬೇಡ — ಮಗುವಿಗೋಸ್ಕರ ಹೊಡೆದೆ ಎಂದು ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡದ್ದು ಶುದ್ಧ ಸುಳ್ಳು, ಮಗುವಿನ ಎದೆಬಡಿತ ಚೆನ್ನಾಗಿಯೇ ಇತ್ತು, ಮಾನಕ್ಕೋಸ್ಕರ ಹೊಡೆದದ್ದು, ಅದಕ್ಕೆ ಅವಳು, ತಪ್ಪಾಯ್ತಕ್ಕ, ಇನ್ನು ಕೂಗಲ್ಲ, ಹೆರುತ್ತಿದ್ದವಳೇ ತಪ್ಪೊಪ್ಪಿಕೊಂಡಳು, ತುಟಿ ಕಚ್ಚಿಕೊಂಡೇ ಹೆತ್ತಳು, ಮರುದಿನ ಅಮ್ಮ ಮಂಚದ ಹತ್ತಿರ ಬಂದಾಗ ಸರ್ರನೆ ದುಪ್ಪಟಿ ಎಳೆದು ತೊಡೆ ಮುಚ್ಚಿಕೊಂಡಳು, ಅದರ ಕೆಳಗೆ ಐದು ಬೆರಳು. ಮೇಡಂ, ನಾನು ಮಾಡಿ ತೋರಿಸ್ಲಾ? ಕನ್ನಡಕದ ಹುಡುಗಿ, ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುವವಳು, ಎದ್ದು ಬಂದಾಯಿತು, ಎಷ್ಟು ಹಗುರ ಇವಳ ಕೈ, ತಲೆಯನ್ನು ತಿರುಗಿಸುವುದು ಎಷ್ಟು ಚೆಂದ, ಬೇಡ, ಬೇಡಮ್ಮ ಎನ್ನುವಷ್ಟರಲ್ಲಿ ಪಟಾರ್, ಕೋಪವಿಲ್ಲ, ಏನಿಲ್ಲ, ಬಲು ಶ್ರದ್ಧೆಯಿಂದ, ಟೀಚರಮ್ಮನ ಕೈ ಬಿದ್ದ ಜಾಗಕ್ಕೇ. ಈ ಸಲ ಯಾರೂ ನಗಲಿಲ್ಲ. ಮೇಡಂ, ಹೊಡೆಯೋದು ನೆತ್ತಿ ಕಾಣೋಕೆ ಮುಂಚೆನೋ, ಆಮೇಲೋ? ಮೂವತ್ತು ಪೆನ್ನುಗಳು ಕಾಯುತ್ತಿವೆ, ನಾಳೆಯಿಂದ ಇವರೆಲ್ಲ ವಾರ್ಡಿಗೆ, ಮೂವತ್ತು ಕೈ, ಎಷ್ಟು ತೊಡೆ, ದೇವರೇ — ಬರ್ಕೋಬೇಡ್ರಮ್ಮ, ಅದು ಪಾಠ ಅಲ್ಲ, ಅದು ನನ್ನ, ನನ್ನ ಏನು, ರಬ್ಬರಿನ ಮೇಲೆ ಪೌಡರಿನ ಗುರುತು, ತನ್ನದೇ, ಬಟ್ಟೆ ಎಳೆದು ಮುಚ್ಚಹೋದ ಕೈ ಅಲ್ಲೇ ನಿಂತಿತು, ದುಪ್ಪಟಿಯ ಕೆಳಗೆ, ಬೆಳ್ಳಗೆ, ಕೆಂಪಗೆ, ಐದು ಬೆರಳು, ಐದು ಬೆರಳು —