ಸೂಜಿಯಲ್ಲಿ ಉಳಿದವರು

ಸುವಾ ಸರೋವರದ ದಂಡೆಯ ಓಕಾಯಾದಲ್ಲಿ ಹಿಂದೆ ರೇಷ್ಮೆ ನೂಲು ತೆಗೆಯುತ್ತಿದ್ದ ಒಂದು ಕಟ್ಟಡದಲ್ಲಿ, ಯುದ್ಧ ಮುಗಿದ ಮೇಲೆ, ಕ್ಯಾಮೆರಾದ ಬಿಡಿಭಾಗ ಮಾಡುವ ಕಾರ್ಖಾನೆ ಶುರುವಾಯಿತು. ಉದ್ದನೆಯ ಮೇಜುಗಳ ಮುಂದೆ ಹೆಂಗಸರು ಸಾಲಾಗಿ ಕೂತು, ಚಿಮಟದಿಂದ ಕೂದಲಿನಷ್ಟು ತೆಳುವಾದ ತಗಡುಗಳನ್ನು ಜೋಡಿಸುತ್ತಿದ್ದರು. ನತ್ಸುಯೆ ಕೂರುತ್ತಿದ್ದುದು ಅವರ ಜೊತೆಯಲ್ಲಲ್ಲ, ಮಹಡಿಯ ಮೇಲಿನ ಆಫೀಸಿನಲ್ಲಿ. ಕೆಲಸಗಾರರ ಕಾರ್ಡುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ.

ಆ ಕಾರ್ಡುಗಳನ್ನು ತರಿಸಿದವರು ಅವಳ ಮೇಲಧಿಕಾರಿ ಕುರೊಗಿ. ಒಬ್ಬೊಬ್ಬ ಕೆಲಸಗಾರರಿಗೆ ಒಂದೊಂದು ದಪ್ಪ ಕಾಗದದ ಕಾರ್ಡು. ಅದರ ನಾಲ್ಕೂ ಅಂಚಿಗೆ ಸಾಲಾಗಿ ತೂತು. ಒಂದು ತೂತು ಗಂಡೋ ಹೆಣ್ಣೋ ಎನ್ನುವುದಕ್ಕೆ, ಕೆಲವು ವಯಸ್ಸಿಗೆ, ಒಂದು ಮದುವೆಗೆ, ಇನ್ನೊಂದು ಮನೆಯಲ್ಲಿ ಸಾಕಬೇಕಾದವರು ಇದ್ದಾರೆಯೇ ಎನ್ನುವುದಕ್ಕೆ. ಹೌದು ಎಂದಾದರೆ ಆ ತೂತಿನಿಂದ ಅಂಚಿನವರೆಗೆ ಕತ್ತರಿಸಿ ಕಚ್ಚು ಹಾಕಬೇಕು. ಆಮೇಲೆ ಕಾರ್ಡುಗಳನ್ನೆಲ್ಲ ಒಟ್ಟಿಗೆ ಹಿಡಿದು, ಬೇಕಾದ ತೂತಿನೊಳಗೆ ಮರದ ಹಿಡಿಯ ಉದ್ದ ಸೂಜಿ ತೂರಿಸಿ ಮೇಲೆತ್ತಿ ಅಲುಗಿಸಿದರೆ ಸಾಕು. ಕಚ್ಚು ಇದ್ದ ಕಾರ್ಡುಗಳು ಉದುರುತ್ತವೆ, ಇಲ್ಲದವು ಸೂಜಿಯಲ್ಲೇ ನೇತಾಡುತ್ತವೆ. ಮೊದಲು ಇಡೀ ದಿನ ಹಿಡಿಯುತ್ತಿದ್ದ ಹುಡುಕಾಟ ಈಗ ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿಯುತ್ತಿತ್ತು. ನತ್ಸುಯೆಗೆ ಆ ಉದುರುವ ಸದ್ದೇ ಇಷ್ಟ. ತನ್ನ ಕೈಯಲ್ಲಿ ಸೂಜಿ ಇದ್ದಾಗ ಅವಳಿಗೆ ಒಂದು ಬಗೆಯ ಹೆಮ್ಮೆಯೂ ಇರುತ್ತಿತ್ತು.

ಆ ವರ್ಷದ ಶರತ್ಕಾಲದಲ್ಲಿ ಕ್ಯಾಮೆರಾ ವ್ಯಾಪಾರ ಬಿತ್ತು. ಒಂದು ಬೆಳಗ್ಗೆ ಕುರೊಗಿ ಕಾರ್ಖಾನೆಯ ಮುಖ್ಯಸ್ಥರ ಕೋಣೆಯಿಂದ ಬಂದು, ಟೋಪಿ ತೆಗೆಯುವುದನ್ನೂ ಮರೆತು ಕುರ್ಚಿಯಲ್ಲಿ ಕೂತರು.

"ನಲವತ್ತು ಜನ ಹೆಂಗಸರು ಹೋಗ್ಬೇಕಂತೆ," ಎಂದರು. "ಇಪ್ಪತ್ತೊಂಬತ್ತು ತುಂಬಿರಬೇಕು, ಮನೇಲಿ ಯಾರನ್ನೂ ಸಾಕ್ತಾ ಇರಬಾರ್ದು. ತೆಗಿಯಮ್ಮ ಕಾರ್ಡು."

ನತ್ಸುಯೆ ತೆಗೆದಳು. ಹೆಂಗಸರನ್ನು ಬೇರೆ ಮಾಡಿದಳು, ಆ ವಯಸ್ಸು ತುಂಬಿದವರನ್ನು ಬೇರೆ ಮಾಡಿದಳು. ಕೊನೆಗೆ, ಸಾಕಬೇಕಾದವರಿದ್ದಾರೆ ಎನ್ನುವ ತೂತಿಗೆ ಸೂಜಿ ಹಾಕಿ ಎತ್ತಿದಳು. ಈ ಸಲ ಉದುರಿದವರು ಕೆಲಸದಲ್ಲಿ ಉಳಿಯುತ್ತಿದ್ದರು. ಸೂಜಿಯಲ್ಲಿ ಉಳಿದವರು ಹೋಗುತ್ತಿದ್ದರು. ಎಣಿಸಿ ನೋಡಿದರೆ ಸರಿಯಾಗಿ ನಲವತ್ತು. ಕುರೊಗಿಯವರ ಮುಖದಲ್ಲಿ ಸ್ವಲ್ಪ ಸಮಾಧಾನ ಕಂಡಿತು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಫೋನಿಗೆ ಕರೆದರು. ಅವರು ಎದ್ದು ಹೋದರು.

ನೇತಾಡುತ್ತಿದ್ದ ಕಾರ್ಡುಗಳಲ್ಲಿ ಎದುರಿಗೇ ಇದ್ದದ್ದು ಇಕುಯೊಳದು.

ಇಕುಯೊ ಮೂರನೇ ಮೇಜಿನವಳು. ಅವಳ ತಮ್ಮ ಕ್ಷಯ ಹಿಡಿದು ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ಮಲಗಿ ವರ್ಷಗಳಾಗಿದ್ದವು. ಸಂಬಳ ಬಂದ ದಿನವೇ ಇಕುಯೊ ಅಲ್ಲಿಗೆ ಹಣ ಕಳಿಸುತ್ತಿದ್ದಳು, ಭಾನುವಾರ ಬಸ್ಸು ಹತ್ತಿ ಮೊಟ್ಟೆ ತೆಗೆದುಕೊಂಡು ಹೋಗುತ್ತಿದ್ದಳು. ಆದರೆ ಸರಕಾರಿ ದಾಖಲೆಯಲ್ಲಿ ತಮ್ಮನ ಹೆಸರು ಚಿಕ್ಕಪ್ಪನ ಮನೆಯ ಲೆಕ್ಕದಲ್ಲಿತ್ತು. ಆ ಚಿಕ್ಕಪ್ಪ ಅವನ ಮುಖ ಕೂಡ ನೋಡುತ್ತಿರಲಿಲ್ಲ. ಹಾಗಾಗಿ ಕಾರ್ಡಿನ ಪ್ರಕಾರ ಇಕುಯೊ ಒಂಟಿ ಹೆಂಗಸು.

ಕತ್ತರಿಸುವ ಇಕ್ಕಳ ಮೇಜಿನ ಮೇಲೇ ಇತ್ತು. ನತ್ಸುಯೆ ಬಾಗಿಲ ಕಡೆ ನೋಡಿದಳು. ಕಾರ್ಡು ಎಳೆದು, ಆ ತೂತಿಗೆ ಕಚ್ಚು ಹಾಕಿ, ಉಳಿಯುವವರ ರಾಶಿಗೆ ಸೇರಿಸಿದಳು. ತಪ್ಪು ಮಾಡಿದೆ ಅನ್ನಿಸಲಿಲ್ಲ. ಕಾರ್ಡಿನಲ್ಲಿದ್ದ ಸುಳ್ಳನ್ನು ತಿದ್ದಿದೆ ಅಂದುಕೊಂಡಳು.

ಕುರೊಗಿ ವಾಪಸ್ಸು ಬಂದು ಮತ್ತೆ ಎಣಿಸಿದರು. ಒಂದು ಕಡಿಮೆ.

"ಆಗಲೇ ತಪ್ಪಾಗಿ ಎಣಿಸಿದ್ವೇನೋ," ಎಂದಳು ನತ್ಸುಯೆ.

ಅವರು ಅವಳ ಮುಖವನ್ನು ಒಂದು ಗಳಿಗೆ ನೋಡಿದರು. "ಇರಬಹುದು. ಹಾಗಾದ್ರೆ ವಯಸ್ಸು ಒಂದು ವರ್ಷ ಕೆಳಗೆ ತಗೋ. ಅದರಲ್ಲಿ ಕೊನೇಲಿ ಸೇರಿದೋರು ಯಾರೋ ಅವರನ್ನ ಹಾಕು."

ಹೀಗಾಗಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಇಕುಯೊಳ ಬದಲಿಗೆ ಬಂದ ಹೆಸರು ಫುಸಾಕೊ. ಅದೇ ಮೂರನೇ ಮೇಜು, ಇಕುಯೊಳ ಪಕ್ಕದ ಕುರ್ಚಿ.

ಫುಸಾಕೊ ಇಡೀ ಮೇಜನ್ನು ನಗಿಸುವವಳು. ಕೆಲಸ ಬಿಡಬೇಕೆಂಬ ಕಾಗದ ಕೈಗೆ ಬಂದ ದಿನವೂ ಊಟದ ಹೊತ್ತಿನಲ್ಲಿ ಸುಮ್ಮನಿರಲಿಲ್ಲ.

"ಕೊನೇಗೂ ಕಂಪನಿಯೋರಿಗೆ ಅರ್ಥ ಆಯ್ತು, ನನ್ನಂಥ ಸುಂದರಿ ಚಿಮಟ ಹಿಡ್ಕೊಂಡು ಕೂರಬಾರ್ದು ಅಂತ," ಎಂದಳು, ಸೊಪ್ಪಿನ ಉಪ್ಪಿನಕಾಯಿ ಕಚ್ಚುತ್ತಾ. "ಅಪ್ಪ ಈಗ್ಲೇ ಗಂಡು ಹುಡುಕೋಕೆ ಹೊರಟಿದ್ದಾನೆ. ಹಲ್ಲಿದ್ರೆ ಸಾಕು ಅಂದಿದ್ದೀನಿ."

ಹೆಂಗಸರು ನಕ್ಕರು. ಇಕುಯೊ ನಗಲಿಲ್ಲ. ತನ್ನ ಡಬ್ಬಿಯಲ್ಲಿದ್ದ ಮೀನಿನ ತುಂಡನ್ನು ಎತ್ತಿ ಫುಸಾಕೊಳ ಅನ್ನದ ಮೇಲೆ ಇಟ್ಟಳು. ಚಹಾದ ಕೆಟಲಿಗೆ ಬಿಸಿನೀರು ತರಲು ಕೆಳಗೆ ಬಂದಿದ್ದ ನತ್ಸುಯೆ ಅದನ್ನು ನೋಡಿ, ನೀರು ತುಂಬಿಸಿಕೊಳ್ಳದೆ ಹಾಗೇ ಮೇಲೆ ಹೋದಳು.

ಮಾರನೇ ದಿನ ಅವಳು ಕುರೊಗಿಯವರಿಗೆ ಎಲ್ಲ ಹೇಳಿದಳು. ಅವರು ಸಿಗರೇಟು ಹಚ್ಚಿಕೊಂಡು ಕಿಟಕಿ ತೆರೆದರು.

"ನಂಗೆ ಗೊತ್ತಿತ್ತು," ಎಂದರು. "ಹಳೇ ಕಚ್ಚು ಮಾಸಿರುತ್ತೆ. ಇಕುಯೊ ಕಾರ್ಡಿನದ್ದು ಬೆಳ್ಳಗೆ ಹೊಳೀತಾ ಇತ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಅವಳ ತಮ್ಮನ ವಿಷಯ ನಂಗೂ ಗೊತ್ತಲ್ಲಮ್ಮ. ನೀನು ಮಾಡಿದ್ದು ಒಳ್ಳೇದೇ ಆಯ್ತು ಅನ್ಕೊಂಡೆ. ಮೇಲಿನೋರಿಗೆ ನಲವತ್ತು ಬೇಕಿತ್ತು, ನಲವತ್ತು ಸಿಕ್ತು."

"ಫುಸಾಕೊನ ವಾಪಸ್ಸು ಕರೆಸೋಕಾಗಲ್ವಾ?"

"ಅವಳನ್ನ ಕರೆಸಿದ್ರೆ ಇಕುಯೊನ ಕಳಿಸ್ಬೇಕು. ಆಗುತ್ತಾ ನಿನ್ನ ಕೈಲಿ?"

ಕುರೊಗಿ ಮೇಜಿನ ಖಾನೆ ಎಳೆದು ಒಂದು ಕಾರ್ಡು ತೆಗೆದು ಅವಳ ಮುಂದೆ ಇಟ್ಟರು. ಅದು ಅವಳದೇ. ವಯಸ್ಸಿನ ಕಚ್ಚು ಇತ್ತು. ಸಾಕಬೇಕಾದವರ ಕಚ್ಚು ಇರಲಿಲ್ಲ. ಅವಳ ತಾಯಿ ಅಣ್ಣನ ಮನೆಯಲ್ಲಿದ್ದಳು.

"ಸೂಜಿ ಹಾಕೋಕೆ ಮೊದಲೇ ನಾನು ಇದನ್ನ ತೆಗೆದಿಟ್ಟಿದ್ದೆ," ಎಂದರು ಅವರು. "ಕಾರ್ಡು ನೋಡ್ಕೊಳೋಕೆ ನಿನ್ನ ಬಿಟ್ಟು ಯಾರಿದಾರೆ ನಂಗೆ?"

ಅಂದರೆ ಸೂಜಿಯಲ್ಲಿ ಉಳಿದವರಲ್ಲಿ ತಾನೂ ಒಬ್ಬಳಾಗಬೇಕಿತ್ತು. ಇಡೀ ಬೆಳಗ್ಗೆ ಬೇರೆಯವರ ಕಾರ್ಡು ಅಲುಗಿಸುತ್ತಿದ್ದಾಗ ತನ್ನದು ಎಲ್ಲಿದೆ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಅವಳು ಆ ಕಾರ್ಡನ್ನು ತೆಗೆದುಕೊಂಡು ಹೋಗಿ ಮಿಕ್ಕವುಗಳ ಜೊತೆ ಅದರ ಜಾಗದಲ್ಲಿ ಸೇರಿಸಿದಳು. ಕುರೊಗಿ ತಡೆಯಲಿಲ್ಲ.

ಭಾನುವಾರ ಅವಳು ಫುಸಾಕೊಳ ಮನೆಗೆ ಹೋದಳು. ಫುಸಾಕೊಳ ಅಪ್ಪ ಬಡಗಿ. ಅಂಗಳದ ತುಂಬ ಮರದ ಸಿಪ್ಪೆ. ಫುಸಾಕೊ ಮೂಲಂಗಿ ತೊಳೆದು ಒಣಗಿಸಲು ಹಗ್ಗಕ್ಕೆ ಕಟ್ಟುತ್ತಿದ್ದಳು. ನತ್ಸುಯೆ ನಿಂತುಕೊಂಡೇ ನಡೆದದ್ದನ್ನೆಲ್ಲ ಹೇಳಿದಳು, ತನ್ನ ಕಾರ್ಡಿನ ವಿಷಯವನ್ನೂ ಬಿಡಲಿಲ್ಲ.

ಫುಸಾಕೊಳ ಮುಖದಿಂದ ನಗು ಹೋಗಿದ್ದನ್ನು ನತ್ಸುಯೆ ನೋಡಿದ್ದು ಅದೇ ಮೊದಲು.

"ಇದನ್ನ ನಂಗ್ಯಾಕೆ ಹೇಳಿದ್ರಿ?" ಎಂದಳು ಫುಸಾಕೊ. "ನಿಮಗೆ ನಿದ್ದೆ ಬರ್ತಾ ಇರ್ಲಿಲ್ಲ ಅಂತ ತಾನೆ? ಇನ್ಮೇಲೆ ನೀವು ಮಲಗ್ತೀರಿ, ನಾನು ಎದ್ದಿರ್ತೀನಿ."

"ತಪ್ಪಾಯ್ತು."

"ಯಾವುದು ತಪ್ಪು? ಇಕುಯೊ ಅಕ್ಕನ್ನ ಉಳಿಸಿದ್ದಾ?" ಅವಳು ಮೂಲಂಗಿಯ ಗಂಟನ್ನು ಜೋರಾಗಿ ಎಳೆದು ಬಿಗಿದಳು. "ನಿನ್ನೆ ತನಕ ನಾನು ಅದೃಷ್ಟ ಕೆಟ್ಟೋಳು ಅಷ್ಟೆ. ಇವತ್ತಿಂದ ಸಿಟ್ಟು ಬೇರೆ ಮಾಡ್ಕೋಬೇಕು. ನಿಮ್ಮ ಮೇಲೆ ಮಾಡ್ಕೊಳ್ಲಾ, ಆ ಅಕ್ಕನ ಮೇಲೆ ಮಾಡ್ಕೊಳ್ಲಾ, ಹೇಳಿ."

"ನನ್ನ ಮೇಲೆ."

"ಸರಿ." ಇನ್ನೊಂದು ಮೂಲಂಗಿ ಕೈಗೆತ್ತಿಕೊಂಡು ಅಂದಳು: "ಇಕುಯೊ ಅಕ್ಕಂಗೆ ಮಾತ್ರ ಹೇಳ್ಬೇಡಿ. ಗೊತ್ತಾದ್ರೆ ಅವಳು ಆ ಕುರ್ಚೀಲಿ ಒಂದು ದಿನ ಕೂರೋಳಲ್ಲ. ಆಮೇಲೆ ಆ ಹುಡುಗನಿಗೆ ಮೊಟ್ಟೆ ಯಾರು ತಗೊಂಡು ಹೋಗ್ತಾರೆ, ನೀವಾ?"

ಒಳಗೆ ಬನ್ನಿ ಎಂದು ಅವಳು ಕರೆಯಲಿಲ್ಲ. ನತ್ಸುಯೆ ಬಗ್ಗಿ ನಮಸ್ಕರಿಸಿ ಹೊರಟಳು.

ಚಳಿಗಾಲದ ಉದ್ದಕ್ಕೂ ಆ ಮಾತು ಅವಳನ್ನು ಕೊರೆಯಿತು. ಸರೋವರ ಹೆಪ್ಪುಗಟ್ಟಿತು. ಇಕುಯೊ ಎದುರಾದಾಗೆಲ್ಲ ನತ್ಸುಯೆ ಹವಾಮಾನದ ಮಾತಾಡಿ ಜಾರಿಕೊಳ್ಳುತ್ತಿದ್ದಳು. ಹೊಸ ವರ್ಷದ ರಜೆ ಮುಗಿದ ಮೇಲೆ ಒಂದು ದಿನ ಅವಳು ಕುರೊಗಿಯವರ ಮುಂದೆ ಒಂದು ಖಾಲಿ ಕಾರ್ಡು ಹಿಡಿದು ನಿಂತಳು.

"ಕೆಳಗಿನ ಅಂಚಲ್ಲಿ ಒಂದು ತೂತು ಯಾವುದಕ್ಕೂ ಬಳಸಿಲ್ಲ," ಎಂದಳು. "ಸರಕಾರಿ ಲೆಕ್ಕದಲ್ಲಿ ಇಲ್ಲದೇ ಇರೋರನ್ನ ಸಾಕ್ತಾ ಇದ್ರೆ ಅದಕ್ಕೆ ಕಚ್ಚು ಹಾಕೋಣ."

"ಅದನ್ನ ನಂಬೋದು ಹೇಗೆ?"

"ಕೇಳ್ತೀನಿ. ಒಬ್ಬೊಬ್ಬರನ್ನೂ ಕೇಳ್ತೀನಿ."

ಕುರೊಗಿ ಬೇಡ ಅನ್ನಲಿಲ್ಲ. ಹಾಗಾಗಿ ನತ್ಸುಯೆ ಊಟದ ಹೊತ್ತಿನಲ್ಲಿ ತನ್ನ ಡಬ್ಬಿ ತೆಗೆದುಕೊಂಡು ಕೆಳಗಿಳಿಯತೊಡಗಿದಳು. ಮೊದಮೊದಲು ಹೆಂಗಸರು ಬಾಯಿ ಬಿಡಲಿಲ್ಲ. ಆಫೀಸಿನವಳು ಪಕ್ಕದಲ್ಲಿ ಬಂದು ಕೂತರೆ ಯಾರಿಗೆ ತಾನೆ ಮಾತು ಬಂದೀತು?

"ಏನು, ನಮ್ಮ ಅನ್ನದಲ್ಲೂ ತೂತು ಹುಡುಕ್ತೀರಾ?" ಎಂದಳು ವಯಸ್ಸಾದ ಒಬ್ಬಳು. ಆದರೂ ಒಂದು ವಾರ ಕಳೆದ ಮೇಲೆ ಅವಳೇ ಶುರು ಮಾಡಿದಳು. ಯುದ್ಧದಿಂದ ಬಾರದ ಗಂಡನ ಅಮ್ಮನನ್ನು ಅವಳು ಇಂದಿಗೂ ನೋಡಿಕೊಳ್ಳುತ್ತಿದ್ದಳು. ತವರಿನ ದಾಖಲೆಗೆ ಮರಳಿದ್ದರಿಂದ ಅವಳ ಕಾರ್ಡಿನ ಕಚ್ಚು ತನ್ನ ತಾಯಿಯೊಬ್ಬಳಿಗಷ್ಟೇ ಇತ್ತು, ಆ ಮುದುಕಿ ಕಾಗದದ ಮೇಲೆ ಅವಳಿಗೆ ಏನೂ ಆಗಿರಲಿಲ್ಲ. ಇನ್ನೊಬ್ಬಳು ಅಕ್ಕನ ಮಗಳನ್ನು ಓದಿಸುತ್ತಿದ್ದಳು. ಮತ್ತೊಬ್ಬಳು ತನ್ನನ್ನು ಬೆಳೆಸಿದ ನೆರೆಮನೆಯ ಕುರುಡಿಗೆ ಅಕ್ಕಿ, ಇದ್ದಿಲು ಕೊಡಿಸುತ್ತಿದ್ದಳು. "ಬರ್ಕೊಳ್ಳಿ, ನಂದೊಂದು ಕುಡುಕ ಅಪ್ಪ, ಅವನೂ ಲೆಕ್ಕಕ್ಕೆ ಬರ್ತಾನಾ?" ಎಂದು ಒಬ್ಬಳು ಕೇಳಿದಾಗ ಎಲ್ಲರೂ ನಕ್ಕರು. ನತ್ಸುಯೆ ಮೇಲೆ ಹೋಗಿ ಕಚ್ಚು ಹಾಕುತ್ತಾ ಹೋದಳು.

ಬೇಸಿಗೆಯ ಮೊದಲಲ್ಲಿ ಎರಡನೇ ಆದೇಶ ಬಂತು. ಇನ್ನೂ ಮೂವತ್ತು ಜನ.

ನತ್ಸುಯೆ ಹೆಂಗಸರ ಕಾರ್ಡುಗಳನ್ನೆಲ್ಲ ಒಟ್ಟು ಮಾಡಿ, ಹೊಸ ತೂತಿಗೆ ಸೂಜಿ ಹಾಕಿ ಎತ್ತಿದಳು. ಒಂದೇ ಸಲ ಧಪ್ಪೆಂದು ಹೆಚ್ಚುಕಡಿಮೆ ಇಡೀ ಕಟ್ಟೇ ಮೇಜಿನ ಮೇಲೆ ಬಿತ್ತು. ಸೂಜಿಯಲ್ಲಿ ಅಲ್ಲೊಂದು ಇಲ್ಲೊಂದು ಕಾರ್ಡು ತೂಗಾಡುತ್ತಿತ್ತು. ಕುರೊಗಿ ಆ ರಾಶಿಯನ್ನೇ ನೋಡುತ್ತಾ ನಿಂತರು.

"ಇಷ್ಟು ಜನವಾ?" ಎಂದರು ಮೆಲ್ಲಗೆ.

ಆಮೇಲೆ ಕೋಟು ಸರಿ ಮಾಡಿಕೊಂಡು, ಉದುರಿದ ಕಾರ್ಡುಗಳನ್ನೆಲ್ಲ ತಟ್ಟೆಯಲ್ಲಿ ಜೋಡಿಸಿಕೊಂಡು ಮುಖ್ಯಸ್ಥರ ಕೋಣೆಗೆ ಹೋದರು. ಬಾಗಿಲ ಹಿಂದೆ ಅವರ ದನಿ ಏರಿದ್ದು ನತ್ಸುಯೆಗೆ ಕೇಳಿಸಿತು. ಅವರು ಹಾಗೆ ಮಾತಾಡಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಹೊರಗೆ ಬಂದಾಗ ಅವರ ಕಿವಿ ಕೆಂಪಾಗಿತ್ತು.

"ಆ ತೂತು ಕಂಪನೀದಲ್ಲವಂತೆ," ಎಂದರು. "ವಯಸ್ಸೊಂದೇ ನೋಡಬೇಕಂತೆ. ಮೂವತ್ತು ತುಂಬಿದೋರೆಲ್ಲ. ನಾನು ಹೇಳೋದೆಲ್ಲ ಹೇಳಿದೆ ಕಣಮ್ಮ."

ನತ್ಸುಯೆ ಮತ್ತೆ ಸೂಜಿ ತೆಗೆದುಕೊಂಡು ವಯಸ್ಸಿನ ತೂತಿಗೆ ಹಾಕಿದಳು. ಈ ಸಲ ಉದುರಿದವರೇ ಹೋಗುವವರು. ಉದುರಿದವುಗಳಲ್ಲಿ ಇಕುಯೊಳ ಕಾರ್ಡು ಇತ್ತು. ಅದರ ಕೆಳಗೆ ನತ್ಸುಯೆಯದಿತ್ತು. ವಸಂತದಲ್ಲಿ ಅವಳಿಗೆ ಮೂವತ್ತು ತುಂಬಿತ್ತು, ಆ ಕಚ್ಚನ್ನು ಅವಳೇ ಹಾಕಿದ್ದಳು. ಕುರೊಗಿಯವರ ಕೈ ಅದರ ಕಡೆ ಬಂತು.

"ಬೇಡ," ಎಂದಳು ನತ್ಸುಯೆ. "ನನ್ನ ಜಾಗಕ್ಕೆ ಇನ್ಯಾರನ್ನ ಹಾಕ್ತೀರಿ?"

ಅವರ ಕೈ ಹಾಗೇ ನಿಂತಿತು. ಅವಳು ಕಾರ್ಡುಗಳನ್ನು ಅಂಚು ಸಮ ಮಾಡಿ, ದಾರ ಸುತ್ತಿ ಅವರ ಮುಂದಿಟ್ಟಳು.

ಕೊನೆಯ ದಿನ ಗೇಟಿನ ಹೊರಗೆ ಇಕುಯೊ ಅವಳಿಗೆ ಜೊತೆಯಾದಳು. ಇಬ್ಬರೂ ಸರೋವರದ ಪಕ್ಕದ ದಾರಿ ಹಿಡಿದು ನಡೆದರು. ತಮ್ಮ ಈಗ ಎದ್ದು ಓಡಾಡುತ್ತಾನೆ, ಶರತ್ಕಾಲಕ್ಕೆ ಮನೆಗೆ ಕಳಿಸಬಹುದು ಎಂದಿದ್ದಾರೆ ಎಂದಳು ಇಕುಯೊ. ಅಲ್ಲಿಯವರೆಗೆ ಮೀನಿನ ಅಂಗಡಿಯಲ್ಲಿ ಕೆಲಸ ಕೇಳಬೇಕು ಎಂದಳು. ಇನ್ನು ಮುಚ್ಚಿಡಲು ಕಾರಣವೇ ಉಳಿದಿಲ್ಲ ಅನ್ನಿಸಿ, ನತ್ಸುಯೆ ಫುಸಾಕೊಳ ಸಂಗತಿಯನ್ನು ಹೇಳಿಬಿಟ್ಟಳು.

ಇಕುಯೊ ನಡಿಗೆ ನಿಲ್ಲಿಸಲಿಲ್ಲ. "ಫುಸಾಕೊಗೆ ಗೊತ್ತಾ?" ಎಂದಷ್ಟೇ ಕೇಳಿದಳು.

"ಗೊತ್ತು. ನಿಮಗೆ ಹೇಳ್ಬೇಡಿ ಅಂದಿದ್ಲು."

"ಹೊಸ ವರ್ಷದ ದಿನ ನಮ್ಮ ಮನೆಗೆ ಬಂದಿದ್ಲು. ಹಬ್ಬದ ಅಕ್ಕಿ ಉಂಡೆ ತಂದಿದ್ಲು, ತಮ್ಮನಿಗೂ ಕೊಡಕ್ಕ ಅಂತ. ಕೆಲಸ ಸಿಕ್ತಾ ಅಂತ ನಾನು ಕೇಳಿದ್ರೆ, ಬಿಡಕ್ಕ, ಮಹಾರಾಣಿ ಥರ ಮಲಗಿದ್ದೀನಿ ಅಂದ್ಲು. ನಾನು ನಂಬಿ ನಕ್ಕೆ."

ಅಷ್ಟು ಹೇಳಿ ಅವಳು ದಾಪುಗಾಲು ಹಾಕಿ ಮುಂದೆ ಹೋದಳು. ನತ್ಸುಯೆ ಹಿಂದೆಯೇ ಉಳಿದಳು. ಜೊತೆಗೆ ನಡೆಯುವ ಹಕ್ಕು ತನಗಿಲ್ಲ ಅನ್ನಿಸಿತು. ರೈಲು ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ನಿಧಾನವಾಗಿ ಹಾದುಹೋಯಿತು, ಗೇಟು ಎದ್ದಿತು, ಕಾದು ನಿಂತಿದ್ದ ಸೈಕಲ್ಲುಗಳು ದಾಟಿದವು. ಇಕುಯೊ ಮಾತ್ರ ದಾಟದೆ, ಹಿಂದಕ್ಕೆ ತಿರುಗದೆ, ಅಲ್ಲೇ ನಿಂತಿದ್ದಳು.

ನತ್ಸುಯೆ ಹತ್ತಿರ ಬಂದ ಮೇಲೆ ಅವಳು ಮುಖ ಒರೆಸಿಕೊಂಡಳು.

"ಫುಸಾಕೊ ಮನೆಗೆ ಹೋಗ್ತಾ ಇದ್ದೀನಿ," ಎಂದಳು. "ನೀನೂ ಬಾ."