ಬ್ಲೇಡಿನ ಗಾಯವಿಲ್ಲದ ಗೀಟು

ಚಿಕ್ಕವೆಂಕಟಪ್ಪ ಗಣಿಯ ನಕ್ಷೆ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಗೀಟು ಎಳೆದವನು. ಬಂಗಾರದ ಪದರ ಎಲ್ಲಿದೆ, ಸುರಂಗ ಎಲ್ಲಿ ಟೊಳ್ಳಾಗಿದೆ ಎಂದು ಮೇಲೆ ಕೂತು ತೋರಿಸುವುದು ಅವನ ಕೆಲಸ. ನಕ್ಷೆಬಟ್ಟೆಯ ಮೇಲೆ ಇಂಕಿನಲ್ಲಿ ಎಳೆದದ್ದು ತಪ್ಪಾದರೆ ಬ್ಲೇಡಿನಿಂದ ಕೆರೆಯಬೇಕು. ಕೆರೆದರೆ ಗಾಯ ಉಳಿಯುತ್ತದೆ. ಆ ಗಾಯ ಕಂಡವರು ಇಲ್ಲಿ ಗೀಟು ಜರುಗಿದೆ ಎಂದು ಎಚ್ಚರವಾಗುತ್ತಾರೆ, ಕೆಳಗೆ ಜನ ಕೆಲಸ ಮಾಡುತ್ತಾರಲ್ಲ. ಇದನ್ನು ಅವನು ಹೆಂಡತಿ ಮುನಿರತ್ನಮ್ಮನಿಗೆ ಸಾವಿರ ಸಲ ಹೇಳಿದ್ದ. ಪಾಪ, ಅವಳು ಸಾವಿರ ಸಲವೂ ಹೂಂಗುಟ್ಟಿದ್ದಳು.

ತೊಂಬತ್ತಾರರಲ್ಲಿ ಸ್ವಯಂನಿವೃತ್ತಿ ತೆಗೆದುಕೊಂಡ. ಊರಿಗಾಂನ ಕಂಪನಿ ಮನೆಯನ್ನು ಮೂರು ತಿಂಗಳಲ್ಲಿ ಬಿಡಬೇಕು. ಬಂಗಾರಪೇಟೆಯ ರೈಲ್ವೆ ಗೇಟಿನಾಚೆ ಶ್ರೀರಾಮಪ್ಪನೆಂಬುವನ ಎರಡು ಕೋಣೆಯ ಮನೆ ಕೊಳ್ಳುವುದೆಂದು ಮಾತಾಯಿತು. ಮುಂಗಡಕ್ಕೆ ಮುನಿರತ್ನಮ್ಮ ತನ್ನ ಎರಡೂ ಎಮ್ಮೆ ಮಾರಿದಳು. ಅವತ್ತೇ ಆ ಮನೆಯ ಹಿತ್ತಿಲಲ್ಲಿ ಒಂದು ಕರಿಬೇವಿನ ಸಸಿ ನೆಟ್ಟು ಬಂದಳು. ಉಳಿದದ್ದನ್ನು ನಿವೃತ್ತಿಯ ಗಂಟಿನಿಂದ ಮೂರು ತಿಂಗಳೊಳಗೆ ಕೊಡಬೇಕು, ತಪ್ಪಿದರೆ ಮುಂಗಡವೂ ಇಲ್ಲ, ಮನೆಯೂ ಇಲ್ಲ. ಅವತ್ತೇ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೂರು ತಿಂಗಳು ದುಡ್ಡು ಸುಮ್ಮನೆ ಯಾಕೆ ಕೂರಬೇಕು ಎಂಬ ಬುದ್ಧಿ ಬಂತು ನೋಡಿ, ವಿನಾಶಕಾಲಕ್ಕೆ ವಿಪರೀತ ಬುದ್ಧಿ.

ರಾಬರ್ಟ್‌ಸನ್‌ಪೇಟೆಯಲ್ಲಿ ಬಟ್ಟೆ ಅಂಗಡಿಯ ಮಹಡಿಯ ಮೇಲೆ ಕುಪ್ಪುಸ್ವಾಮಿ ಷೇರಿನ ಆಫೀಸು ಇಟ್ಟಿದ್ದ. ಅಲ್ಲೊಂದು ಕಂಪ್ಯೂಟರು. ಪ್ರತಿ ಶನಿವಾರ ಬೆಂಗಳೂರಿನಿಂದ ರೈಲಿನಲ್ಲಿ ಫ್ಲಾಪಿ ಬರುತ್ತಿತ್ತು. ಅದನ್ನು ತೂರಿಸಿದರೆ ವಾರದ ರೇಟುಗಳೆಲ್ಲ ಪರದೆಯ ಮೇಲೆ ಬೆಟ್ಟಗುಡ್ಡಗಳಾಗಿ ಮೂಡುತ್ತಿದ್ದವು. ಪಕ್ಕದಲ್ಲಿ ಪುಟ್ಟ ಚೌಕಗಳು: ನೇರ ಗೀಟು, ಜೋಡಿ ಗೀಟು, ಕೋನ, ಅಳತೆಪಟ್ಟಿ. ಚಿಕ್ಕವೆಂಕಟಪ್ಪನಿಗೆ ಹಳೇ ನಂಟರನ್ನು ಕಂಡಷ್ಟು ಖುಷಿಯಾಯಿತು.

"ರೇಟು ಬಿದ್ದು ಎದ್ದಿರೋ ಎರಡು ತಗ್ಗು ಐತಲ್ಲ ಅಣ್ಣಾ, ಅವೆರಡೂ ಸೇರ್ಸಿ ಒಂದು ಗೀಟು ಎಳಿ. ರೇಟು ಅದರ ಕೆಳೀಕ್ ಓಗಬಾರ್ದು. ಓದ್ರೆ ಮಾರ್ಬಿಟ್ಟು ಎದ್ ಬಾ, ಅಷ್ಟೇ," ಎಂದ ಕುಪ್ಪುಸ್ವಾಮಿ.

"ನಂಗೇ ಗೀಟು ಎಳೆಯೋದು ಏಳ್ಕೊಡ್ತೀಯೇನ್ಲಾ?" ಎಂದು ಇವನು ನಕ್ಕ.

ಗಣಿಯಲ್ಲಿ ಪದರ ಸುರಂಗದ ಎರಡು ಹಂತದಲ್ಲಿ ಸಿಕ್ಕಿತೆಂದರೆ, ಗೀಟು ಮುಂದುವರಿಸಿದ ಕಡೆ ಮೂರನೆಯದರಲ್ಲೂ ಸಿಗುತ್ತಿತ್ತು. ಬಂಡೆಗೆ ಮನಸ್ಸು ಬದಲಿಸುವ ಚಾಳಿ ಇಲ್ಲ. ರೇಟಿಗೂ ಇಲ್ಲವೆಂದು ಅವನು ನಂಬಿದ. ಒಂದು ಸಿಮೆಂಟು ಕಂಪನಿಯ ಷೇರಿಗೆ ಗಂಟನ್ನೆಲ್ಲ ಸುರಿದ. ಹೆಂಡತಿಗೆ, "ಶ್ರೀರಾಮಪ್ಪಂಗೆ ಕೊಡೋವಷ್ಟೊತ್ಗೆ ಇನ್ನೊಂದು ಕೋಣೆ ಕಟ್ಟೋವಷ್ಟು ಆಗ್ತದೆ ಕಣೇ," ಎಂದ.

ಮೊದಲ ತಿಂಗಳು ಏರಿತು. ಎರಡನೆಯ ತಿಂಗಳು ಒಂದು ಶನಿವಾರ ರೇಟು ಗೀಟಿನ ಕೆಳಗೆ ಮೂಗು ತೂರಿಸಿತು.

"ಮುರೀತು ಅಣ್ಣಾ, ಮಾರು," ಎಂದ ಕುಪ್ಪುಸ್ವಾಮಿ.

"ಮುರಿದಿಲ್ಲ ಕಣ್ಲಾ. ಆ ತಗ್ಗನ್ನ ನಾನೇ ಸರ್ಯಾಗಿ ಇಡಿದಿರ್ಲಿಲ್ಲ."

ಮೌಸಿನಿಂದ ಗೀಟಿನ ತುದಿ ಹಿಡಿದು ಹೊಸ ತಗ್ಗಿನವರೆಗೆ ಎಳೆದ. ಗೀಟು ಸದ್ದಿಲ್ಲದೆ ಜಾರಿ ಕೂತಿತು. ಪರದೆಯ ಮೇಲೆ ಗಾಯವೇ ಇಲ್ಲ. ಅದರ ಪ್ರಿಂಟು ಮನೆಗೆ ತಂದು, ಹಳೇ ಅಭ್ಯಾಸದಂತೆ, ಬೆಟ್ಟಗುಡ್ಡ ಗೀಟು ಎರಡನ್ನೂ ಬೆಳಕು ಹಾಯುವ ಟ್ರೇಸಿಂಗ್ ಕಾಗದದ ಮೇಲೆ ಇಂಕಿನಲ್ಲಿ ತೆಗೆದು, ಮೂಲೆಯಲ್ಲಿ ತಾರೀಖು ಹಾಕಿ, ತಗಡಿನ ಕೊಳವೆಯಲ್ಲಿ ಸುತ್ತಿಟ್ಟ.

ಮುಂದಿನ ಶನಿವಾರ ಮತ್ತೆ ಎಳೆದ. ಅದರ ಮುಂದಿನ ಶನಿವಾರವೂ ಎಳೆದ. ವಾರಕ್ಕೊಂದು ಹಾಳೆ ಕೊಳವೆ ಸೇರಿತು. ಕುಪ್ಪುಸ್ವಾಮಿ ಹೇಳುವುದನ್ನೇ ಬಿಟ್ಟ. ಚಿಕ್ಕವೆಂಕಟಪ್ಪ ಬಸ್ಸಿನ ಕಿಟಕಿಯ ಸರಳು ಕಂಡರೂ ಅದರ ಓರೆ ಎಷ್ಟೆಂದು ಲೆಕ್ಕ ಹಾಕುತ್ತಿದ್ದ. ಒಂದು ವಾರ, ಒಂದೇ ಒಂದು ವಾರ ರೇಟು ಮೇಲೇರಲಿ ಎಂದು ಫ್ಲಾಪಿಗೆ ಕೈ ಮುಗಿದದ್ದೂ ಉಂಟು. ಮನೆಯಲ್ಲಿ ಮಾತ್ರ, "ಎಲ್ಲಾ ಗೀಟಿನ ಮ್ಯಾಗೇ ಐತೆ," ಎನ್ನುತ್ತಿದ್ದ.

ಗಡುವಿಗೆ ಐದು ದಿನ ಉಳಿದಿದ್ದಾಗ, ಒಂದು ಭಾನುವಾರ ಬೆಳಗ್ಗೆ, ಶ್ರೀರಾಮಪ್ಪ ಹೇಳಿಕಳಿಸಿದ: ಮನೆ ಕೇಳಲು ಬೇರೆಯವರು ಬಂದಿದ್ದಾರೆ. ಗಂಡ ನೀರು ಹಿಡಿಯಲು ಹೋದಾಗ ಮುನಿರತ್ನಮ್ಮ ಕೊಳವೆ ಬಿಚ್ಚಿದಳು. ಅವಳಿಗೆ ಅಕ್ಷರ ಬಾರದು, ಆದರೆ ಕಣ್ಣಿಗೇನು ಬಾಧೆ? ಆರು ಹಾಳೆಗಳನ್ನು ಮೂಲೆಗೆ ಮೂಲೆ ಕೂಡಿಸಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಹೊರಗೆ ಒಳ್ಳೆಯ ಬಿಸಿಲಿತ್ತು.

ಅವನು ಕೊಡ ಇಳಿಸಿ ಬಾಗಿಲಲ್ಲೇ ನಿಂತ.

"ಬಾ ಇಲ್ಲಿ, ನೋಡು," ಎಂದಳು. "ಈ ಬೆಟ್ಟ ಎಲ್ಲಾ ಕಾಗದದಾಗೂ ಒಂದೇ ಐತೆ, ಒಂದರ ಮ್ಯಾಲೆ ಒಂದು ಕುಂತೈತೆ. ನಿನ್ ಗೀಟು ಮಾತ್ರ ಆರು ಕಡೆ ಐತೆ. ಮೆಟ್ಲು ಇಳ್ದಂಗೆ."

ಅವನು ಹತ್ತಿರ ಬಂದು ಹಾಳೆಗಳ ಮೂಲೆಯ ತಾರೀಖು ನೋಡಿದ.

"ಗಾಯ ಇಲ್ದಂಗೆ ಗೀಟು ಜರುಗ್ಸಿದ್ರೆ ಕೆಳಗಿರೋರ್ ಸಾಯ್ತಾರೆ ಅಂತ ನೀನೇ ಅಂತಿದ್ದೆ. ಕೆಳಗೆ ನಾನೇ ಇದ್ನಲ್ಲ."

ಅವನು ಗೋಡೆಗೊರಗಿ ಕುಕ್ಕರಿಸಿದ. ಆಮೇಲೆ ಎದ್ದು, ಕೊನೆಯ ಹಾಳೆಯನ್ನು ಹಲಗೆಗೆ ಚುಚ್ಚಿ, ಪೆನ್ನಿಗೆ ಇಂಕು ತುಂಬಿದ. ಈ ಸಲ ತಗ್ಗುಗಳನ್ನು ಮುಟ್ಟಲಿಲ್ಲ. ರೇಟು ಏರಿ ನಿಂತ ಮೂರು ತುದಿಗಳ ಮೇಲೆ ಪಟ್ಟಿ ಇಟ್ಟ. ಮೂರೂ ಒಂದೇ ಗೀಟಿಗೆ ಬಂದವು, ಕೂದಲೆಳೆಯಷ್ಟೂ ತಪ್ಪದೆ, ಕೆಳಮುಖವಾಗಿ. ಐದು ವಾರದಿಂದ ಅದು ಅಲ್ಲೇ ಇತ್ತು, ಅವನೇ ಎಳೆದಿರಲಿಲ್ಲ. ಎಳೆದು, ಗಡುವಿನ ದಿನದವರೆಗೆ ಮುಂದುವರಿಸಿದ.

"ಎಲ್ಲಿಗ್ ಓಗ್ತದೆ ಅದು?"

"ನಾಳೆ ಮಾರಿದ್ರೂ ಅರ್ಧ ಮನೆ ಬರಾಕಿಲ್ಲ ಕಣೇ." ಪೆನ್ನಿನ ಇಂಕು ಒರೆಸಿಟ್ಟ. "ಬೆಳಿಗ್ಗೇನೇ ಮಾರ್ಬಿಡ್ತೀನಿ. ಈಗ ಬಂಗಾರಪೇಟೆಗೆ ಓಗಿ ಶ್ರೀರಾಮಪ್ಪಂಗೆ ಏಳ್ಬಿಟ್ಟು ಬತ್ತೀನಿ, ಮನೆ ಅವರಿಗೇ ಕೊಡ್ಲಿ ಅಂತ."

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ನಾನೂ ಬತ್ತೀನಿ," ಎಂದು ಸೆರಗು ಬಿಗಿದುಕೊಂಡು ಮಂಚದ ಕೆಳಗೆ ಬಗ್ಗಿ ಹುಡುಕತೊಡಗಿದಳು.

"ನೀನ್ಯಾಕೆ ಬತ್ತೀಯಾ?" ಎಂದ.

"ಸಣ್ಣ ಗುದ್ದಲಿ ಎಲ್ಲಿಟ್ಟೆ?" ಎಂದಳು. "ಕರಿಬೇವಿನ ಸಸಿ ಕಿತ್ಕೊಂಡ್ ಬರ್ಬೇಕು."