ಬಾದಶಹನಿಗೆ ವಯಸ್ಸು ಬಂದದ್ದು

ಎರಡನೇ ಮಹಾಯುದ್ಧದ ದಿನಗಳಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಾ ದಾರಿಯಲ್ಲೇ ಕೆಮ್ಮಿ ನಿಲ್ಲುತ್ತಿದ್ದಾಗ, ಮಳವಳ್ಳಿಯ ಬೆಲ್ಲವನ್ನು ಮದ್ದೂರಿನ ರೈಲಿಗೆ ಮುಟ್ಟಿಸುತ್ತಿದ್ದದ್ದು ನಿಜಾಮುದ್ದೀನ್ ಮಾರ್ವಾಡದಿಂದ ತರಿಸಿದ್ದ ಎರಡು ಒಂಟೆಗಳು. ಹೆಣ್ಣು ರಾಣಿ, ಗಂಡು ಬಾದಶಹ. ಸೀಮೆಗೆಲ್ಲ ಅವೆರಡೇ ಎಂಬ ಜಂಬ ಅವನಿಗಿತ್ತು, ಇರಬೇಕಾದದ್ದೇ. ತನ್ನ ಕೊಟ್ಟಿಗೆಯಲ್ಲೇ ಒಂದು ಮರಿ ಹುಟ್ಟಬೇಕೆಂಬುದು ಅವನ ಆಸೆ.

ಆದರೆ ಐದು ತುಂಬಿದರೂ ಬಾದಶಹ ರಾಣಿಯ ಪಕ್ಕದಲ್ಲಿ ತಮ್ಮನ ಹಾಗೆ ಮೆಲುಕು ಹಾಕುತ್ತಾ ನಿಂತಿರುತ್ತಿದ್ದ. ಊರಿಗೆ ಗೊತ್ತಿದ್ದದ್ದು ಹೋರಿಯ ಲೆಕ್ಕ: ಮೂರನೇ ವರ್ಷಕ್ಕೆ ಗುಟುರು ಹಾಕದಿದ್ದರೆ ಅದು ಹೋರಿಯೇ ಅಲ್ಲ. ಗಂಡು ಒಂಟೆಗೆ ಮದ ಬರಲು ಐದಾರು ವರ್ಷ ಬೇಕೆಂದು ತೋರಿಸಿಕೊಡಲು ಇನ್ನೊಂದು ಗಂಡು ಒಂಟೆಯಾದರೂ ಎಲ್ಲಿತ್ತು? ಹೋರಿಗಳ ಬೀಜ ಒಡೆಯುವುದರಲ್ಲಿ ಹೆಸರಾದ ಬೆಳಕವಾಡಿಯ ಮರಿಸಿದ್ದಯ್ಯ ತೀರ್ಪು ಕೊಟ್ಟೇಬಿಟ್ಟ.

“ಇದು ಬರೀ ಎಸ್ರಿಗೆ ಗಂಡು ಕಣ್ ಸಾಬ್ರೇ. ಬೀಜ ಒಡ್ಸ್‌ಬುಡಿ, ಮೂಟೆನಾದ್ರೂ ನೆಟ್ಗೆ ಒರ್ಲಿ.”

ಊರವರ ಚೇಷ್ಟೆ ಕೇಳಿ ಕೇಳಿ ಸಾಕಾಗಿದ್ದ ನಿಜಾಮುದ್ದೀನ್ ಒಪ್ಪಿದ. ಒಪ್ಪಿದ ದಿನ ಅವನಿಗೆ ಊಟ ಸೇರಲಿಲ್ಲ.

ಮಾಗಿಯ ಒಂದು ಬೆಳಿಗ್ಗೆ ಮರಿಸಿದ್ದಯ್ಯ ಹಗ್ಗ, ದೊಣ್ಣೆ ಹಿಡಿದು ಬಂದ. ಬಾದಶಹ ಮೇವು ಬಿಟ್ಟಿದ್ದ. ಕಿವಿಯ ಹಿಂದೆ ಕಪ್ಪಗೆ ಏನೋ ಸೋರುತ್ತಿತ್ತು, ಬಾಯಿ ತುಂಬ ನೊರೆ. ಹಗ್ಗ ಬೀಸುವ ಹೊತ್ತಿಗೆ ಗಂಟಲು ಗುಳುಗುಳು ಎಂದು, ಬಾಯಿಯ ಪಕ್ಕದಿಂದ ಉಬ್ಬಿದ ಕೆಂಪು ಚೀಲವೊಂದು ಜೋತುಬಿತ್ತು.

“ಅಯ್ಯಯ್ಯೋ, ಕರುಳೇ ಬಾಯಿಗ್ ಬಂದದೆ! ಸಾಯದ್ರೊಳ್ಗೆ ಕುಯ್ದ್‌ಬುಡಿ ಸಾಬ್ರೇ!” ಎಂದು ಮರಿಸಿದ್ದಯ್ಯ ಬೇಲಿ ಹಾರಿದ.

ನಿಜಾಮುದ್ದೀನ್ ಅಳುತ್ತಾ ಒಂಟೆಯ ಕೊರಳು ತಬ್ಬಲು ಹೋದ. ಬಾದಶಹ ಅವನನ್ನು ಪಕ್ಕಕ್ಕೆ ತಳ್ಳಿ ರಾಣಿಯ ಹತ್ತಿರ ನಡೆದು ಅವಳನ್ನು ಮೂಸಿದ. ರಾಣಿ ಮಂಡಿ ಮಡಿಸಿ ಸುಮ್ಮನೆ ಕೂತಳು.

ಮೊದಲು ಅರ್ಥವಾದದ್ದು ನಿಜಾಮುದ್ದೀನನ ಹೆಂಡತಿ ಬಿಬಿ ಜಾನ್‌ಗೆ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ಕಾಯ್ಲೆನೂ ಅಲ್ಲ, ಕರುಳೂ ಅಲ್ಲ, ಮದ ಅದು. ಅವ್ನಿಗೆ ಈಗ ವಯಸ್ಸು ಬಂದದೆ. ಎಲ್ರೂ ಆಚ್ಗೆ ನಡೀರಿ!”

ಮರುವರ್ಷದ ಮಾಗಿ ಮುಗಿಯುವಾಗ ರಾಣಿ ಉದ್ದ ಕಾಲಿನ ಗಂಡು ಮರಿ ಹಾಕಿದಳು. ನಿಜಾಮುದ್ದೀನ್ ಕಂಡವರಿಗೆಲ್ಲ ಸಕ್ಕರೆ ಹಂಚಿದ. ಮರಿ ಬಲಿತು ತಾಯಿಯ ಜೊತೆ ಮದ್ದೂರು ಸ್ಟೇಷನ್ನಿಗೆ ನಡೆದ ದಿನ ರೈಲಿನ ಕಿಟಕಿಗಳ ತುಂಬ ತಲೆಗಳು. ಯಾರೋ ಕೂಗಿ ಕೇಳಿದರು, “ಮಾರ್ವಾಡದ್ದೇನ್ರಿ ಮರಿ?”

ನಿಜಾಮುದ್ದೀನ್ ಬಾಯಿ ತೆರೆಯುವ ಮೊದಲೇ, ಜೊತೆಗೆ ಬಂದಿದ್ದ ಮರಿಸಿದ್ದಯ್ಯ ಮೀಸೆ ತಿರುವಿದ.

“ಯಾವ್ ಮಾರ್ವಾಡ? ನಮ್ ಮಳವಳ್ಳೀಲೇ ಉಟ್ಟಿದ್ದು ಕಣ್ರೀ! ಇದ್ರಪ್ಪನ್ ಬೀಜ ಒಡೀದೆ ಉಳ್ಸ್‌ದೋನು ನಾನೇಯ!”